ಇಎಂಎಸ್ ಬಾಲ್ಯದ ಫಾರ್ವರ್ಡ್, ನಮ್ಮ ಕುಟುಂಬದ ಜಗಳ

(ಕಾಸರಗೋಡಿನ ನೀರ್ಚಾಲು ಕಡೆಯ ಒಂದು ಮನೆತನದ ವಾಟ್ಸಾಪ್ ಗುಂಪು)

ಶ್ರೀಹರಿ: (ಫಾರ್ವರ್ಡ್) ಕೇರಳದ ಮೊದಲ ಮುಖ್ಯಮಂತ್ರಿ, ಕಮ್ಯುನಿಸ್ಟ್ ನಾಯಕ ಇಎಂಎಸ್ ನಂಬೂದಿರಿಪಾಡ್ ಅವರ ಬಾಲ್ಯ. ಜನ್ಮಿ (ಜಮೀನ್ದಾರ) ಮನೆಯ ಮಗ ಜನ್ಮಿಗಳ ವಿರುದ್ಧ ನಿಂತದ್ದು ಹೇಗೆ? ಪುರುಸೊತ್ತಿದ್ದರೆ ಓದಿ.

ಮಾವ: ಓದಿದೆ. ಆಸ್ತಿ ಮಾರಿ ಪಕ್ಷಕ್ಕೆ ಕೊಟ್ಟರು, ಸಂತೋಷ. ಅದು ಅವರ ಆಸ್ತಿ. ನಮ್ಮ ಗದ್ದೆ ಯಾಕೆ ಹೋಗಬೇಕಿತ್ತು?

ಶ್ರೀಹರಿ: ಅದಕ್ಕೂ ಅವರೇ ಕಾರಣ ಮಾವ. ಗೇಣಿದಾರರಿಗೆ ಭೂಮಿ ಕೊಟ್ಟ 1969ರ ಭೂಸುಧಾರಣೆ ತಿದ್ದುಪಡಿ ಅವರ ಸರ್ಕಾರದ್ದೇ. ಜಾರಿಯಾದದ್ದು 1970ರ ಜನವರಿ 1ಕ್ಕೆ, ಮುಂದಿನ ಮುಖ್ಯಮಂತ್ರಿ ಅಚ್ಯುತ ಮೆನನ್ ಕಾಲದಲ್ಲಿ.

ಮಾವ: ಇಎಂಎಸ್ ಹುಟ್ಟಿದಂಥ ನಂಬೂದಿರಿ ಬ್ರಾಹ್ಮಣರ ಮನೆಗಳಲ್ಲಿ ಹಿರಿಯ ಹೇಳಿದ್ದೇ ಕೊನೆ. ಪಕ್ಷದಲ್ಲೂ ಮೇಲಿನವರು ಹೇಳಿದ್ದೇ ಕೊನೆ. ಮನೆ ಬಿಟ್ಟರೂ ಮನೆಯ ಬುದ್ಧಿ ಬಿಡಲಿಲ್ಲ ಮಾರಾಯ.

ಸುಮಕ್ಕ: ಉಲ್ಟಾ ಹೇಳ್ತಿದ್ದೀರಿ ಮಾವ. ಅವರು ಮೊದಲು ಜಗಳ ಮಾಡಿದ್ದೇ ಆ ಹಿರಿಯರ ಜೊತೆ. ಆಗ ನಂಬೂದಿರಿ ಮನೆಗಳಲ್ಲಿ ಹಿರಿಮಗನಿಗೆ ಮಾತ್ರ ಸ್ವಜಾತಿ ಮದುವೆ. ತಮ್ಮಂದಿರಿಗೆ ಹೆಚ್ಚಾಗಿ ನಾಯರ್ ಮನೆಗಳಲ್ಲಿ ಸಂಬಂಧ, ಆ ಮಕ್ಕಳಿಗೆ ಅಪ್ಪನ ಮನೆಯ ಆಸ್ತಿ ಇಲ್ಲ. ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಮದುವೆಯಿಲ್ಲದೆ ಒಳಗೇ ಮುದುಕಿಯರಾದರು. ಇದು ಬದಲಾಗಬೇಕು ಅಂತ ನಂಬೂದಿರಿಗಳ ಸುಧಾರಣಾ ಸಂಘಟನೆ ಯೋಗಕ್ಷೇಮ ಸಭೆಯಲ್ಲಿ ಓಡಾಡಿದ ಹುಡುಗ ಅವರು. ಜಮೀನಿನ ಮಾತು ಆಮೇಲೆ ಬಂತು.

ಮಾವ: ಹಾಗಾದರೆ ಪಕ್ಷದಲ್ಲಿ ಯಾಕೆ ತಲೆಬಾಗಿದರು?

ಶ್ರೀಹರಿ: ಶಿಸ್ತು ದೊಡ್ಡ ಮನೆಯಿಂದ ಬಂದದ್ದಾದರೆ ಕೇರಳದಲ್ಲಿ ಪಕ್ಷ ಕಟ್ಟಿದ ಪಿ. ಕೃಷ್ಣಪಿಳ್ಳೆಗೆ ಎಲ್ಲಿಂದ ಬಂತು? ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಲ್ಲ, ಶಾಲೆಯೂ ಅರ್ಧಕ್ಕೆ ನಿಂತಿತು. ಮತ್ತೆ 1996ರಲ್ಲಿ ಜನಕೀಯ ಆಸೂತ್ರಣ (ಜನರೇ ಯೋಜನೆ ಮಾಡುವ ಕಾರ್ಯಕ್ರಮ) ಶುರುವಾಗಿ ಯೋಜನೆ ಹಣದ ಶೇ. 35ರಿಂದ 40 ಪಂಚಾಯತ್, ನಗರಸಭೆಗಳಿಗೆ ಹೋಯ್ತಲ್ಲ, ಅದರ ಮಾರ್ಗದರ್ಶನ ಸಮಿತಿಗೆ ಇಎಂಎಸ್ ಅವರೇ ಅಧ್ಯಕ್ಷರು.

ಮಾವ: ಅಧ್ಯಕ್ಷರು! ಅಲ್ಲೂ ಯಜಮಾನಿಕೆಯೇ ನೋಡು.

ಸುಮಕ್ಕ: ಇವರಿಗೆ ಹೇಳಿ ಪ್ರಯೋಜನ ಇಲ್ಲ.

ದೊಡ್ಡಮ್ಮ: ಎಲ್ಲ ಓದಿದೆ. ಜನ್ಮಿಗಳ ವಿರುದ್ಧ ಎದ್ದ ಕಯ್ಯೂರಿನ ನಾಲ್ವರು ರೈತರನ್ನು 1943ರಲ್ಲಿ ಕಣ್ಣೂರು ಜೈಲಿನಲ್ಲಿ ಗಲ್ಲಿಗೆ ಹಾಕಿದರು. ನಮ್ಮ ಜಿಲ್ಲೆಯವರೇ. ಅವರ ಬಾಲ್ಯದ ಬಗ್ಗೆ ಒಂದಾದರೂ ಫಾರ್ವರ್ಡ್ ಬಂದಿದೆಯಾ? ಇದ್ದದ್ದನ್ನು ಬಿಟ್ಟವರು ಹೇಗೆ ಬೆಳೆದರು ಅಂತ ಎಲ್ಲರೂ ಕೇಳ್ತಾರೆ. ಏನೂ ಇಲ್ಲದವರು ಎದುರು ನಿಂತರೆ ಹಾಗೆ ಯಾರೂ ಕೇಳುವುದಿಲ್ಲ. ಮತ್ತೆ ತಮ್ಮಾ, ಗೇಣಿ ಅಕ್ಕಿಯ ಮುಡಿ ಹೊತ್ತು ತಂದವರು ಅಂಗಳದಲ್ಲೇ ನಿಲ್ಲುತ್ತಿದ್ದರು. ಜಗಲಿಯಲ್ಲಿ ಕೂತು ಎಣಿಸುತ್ತಿದ್ದದ್ದು ನೀನು. ನಿನ್ನ ಬಾಲ್ಯದ ಬಗ್ಗೆಯೂ ಯಾರಾದರೂ ಬರೆಯಲಿ.

ಮಾವ: ಅಕ್ಕಾ, ಎಣಿಸಲು ಹೇಳಿದ್ದು ಅಪ್ಪ.

ದೊಡ್ಡಮ್ಮ: ಹೌದು, ನಿನಗೆ ಹೇಳಿದರು. ನಾನು ದೊಡ್ಡವಳು, ಲೆಕ್ಕವೂ ಬರುತ್ತಿತ್ತು. ನನಗೆ ಹೇಳಲಿಲ್ಲ.