ಗಂಗಾವಳಿ ದಂಡೆಯವರೇ, ರಾತ್ರಿ ನೆರೆ ಬಂದರೆ ಊರನ್ನು ಎಬ್ಬಿಸೋದು ಹೇಗೆ?

ದಂಡೆಮನೆ: ನಮ್ಮದು ಅಂಕೋಲಾ ತಾಲ್ಲೂಕಿನಲ್ಲಿ ಹೊಳೆಯಂಚಿನ ಕೇರಿ, 23 ಮನೆ. 2019ರ ಆಗಸ್ಟ್‌ನಲ್ಲಿ ನೀರು ಅಟ್ಟದ ಏಣಿಯ ನಾಲ್ಕನೇ ಮೆಟ್ಟಿಲು ಮುಟ್ಟಿತ್ತು. 2021ರ ಜುಲೈನಲ್ಲಿ ಮತ್ತೆ ಬಂತು. ಗುಳ್ಳಾಪುರದ ಸೇತುವೆ ಕೊಚ್ಚಿಹೋಯ್ತಲ್ಲ, ಆ ಸಲ. ಮಳೆ ಸ್ವಲ್ಪ ಹೊಳವಾಯ್ತು ಅಂತ ಮಲಗಿದ್ದೆವು. ಘಟ್ಟದ ಮೇಲೆ ಸುರಿದದ್ದು ನಮಗೆ ಹೇಗೆ ಗೊತ್ತಾಗಬೇಕು? ಕರೆಂಟ್ ಇಲ್ಲ, ಟವರ್ ಸತ್ತಿತ್ತು, ವಾಟ್ಸಾಪ್ ಗುಂಪು ಸುಮ್ನೆ ಕೂತಿತ್ತು. ಎಬ್ಬಿಸಿದ್ದು ಕೊಟ್ಟಿಗೆಯ ಗೌರಿ. ಕೂಗಿ ಕೂಗಿ ಹಗ್ಗ ಎಳೀತಿತ್ತು. ಅತ್ತೆ ಟಾರ್ಚ್ ಹಿಡಿದು ಹೋದರೆ ಅದರ ಮೊಣಕಾಲಿನ ತನಕ ನೀರು. ಈ ಸಲ ದನವನ್ನೇ ನಂಬಿ ಕೂರೋದು ಬೇಡ ಅಂತ. ನಿಮ್ಮೂರಲ್ಲಿ ಏನು ಮಾಡ್ತೀರಿ?

ಘಟ್ಟದಮೇಲಿನವ: ನಾನು ಯಲ್ಲಾಪುರ ಕಡೆ. ನಿಮ್ಮ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ, ಗೇಟು ತೆಗೀತೇವೆ ಅಂತ ಮೊದಲೇ ಹೇಳೋರೂ ಇಲ್ಲ. ನಿಮ್ಮ ಗಂಗಾವಳಿಗೇ ಘಟ್ಟದ ಮೇಲೆ ಬೇಡ್ತಿ ಅಂತಾರೆ. ಇಲ್ಲಿ ಬೇಡ್ತಿ ಕೆಂಪಗೆ ಏರಿತು ಅಂದರೆ ಫೋನ್ ಮಾಡ್ತೇನೆ. ಒಬ್ಬರ ನಂಬರ್ ಸಾಲದು, ಮೂರು ಮನೆಯದ್ದು ಕೊಡಿ, ಬೇರೆ ಬೇರೆ ಕಂಪನಿಯ ಸಿಮ್ ಇರಲಿ.

ಕಾಳಿದಂಡೆ: ನಾವು ಕದ್ರಾ ಅಣೆಕಟ್ಟಿನ ಕೆಳಗಿನವರು, 2019ರಲ್ಲಿ ನಾವೂ ಮುಳುಗಿದವರೇ. ಈಗ ಹೊಳೆಬದಿಯ ತೆಂಗಿನ ಮರಕ್ಕೆ ಎರಡು ಗೆರೆ ಎಳೆದಿದ್ದೇವೆ. ಹಳದಿ ಮುಟ್ಟಿದರೆ ಕಾಗದಪತ್ರದ ಡಬ್ಬಿ ಅಟ್ಟಕ್ಕೆ, ದನ ಗುಡ್ಡಕ್ಕೆ. ಕೆಂಪು ಮುಟ್ಟಿದರೆ ದೇವಸ್ಥಾನದ ಜಾಗಟೆ, ನಿಲ್ಲಿಸದೆ. ಜೋರು ಮಳೆಯ ರಾತ್ರಿ ಇಬ್ಬರು ಪಾಳಿಯಲ್ಲಿ ಎದ್ದಿರ್ತಾರೆ. ಎಲ್ಲಕ್ಕಿಂತ ಜಗಳ ಆದದ್ದು ಹಾಸಿಗೆ ಹಿಡಿದ ಅಜ್ಜಿಯನ್ನು ಯಾರು ಹೊರಬೇಕು ಅನ್ನೋದಕ್ಕೆ ಮಾರಾಯ್ರೆ! ಅದನ್ನು ಹಗಲಲ್ಲೇ, ಹೆಸರು ಹೇಳಿ ತೀರ್ಮಾನ ಮಾಡಿ. 1077 ಅನ್ನೋ ಜಿಲ್ಲಾ ಕಂಟ್ರೋಲ್ ರೂಮ್ ನಂಬರನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ.

ಅಳಿವೆಬಾಯಿ: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಜಾಸ್ತಿ. ಹೊಳೆನೀರು ಕಡಲಿಗೆ ಇಳಿಯೋಕೆ ದಾರಿ ಸಿಗದೆ ಅಲ್ಲೇ ನಿಲ್ಲುತ್ತೆ. ಪಾಳಿ ಹಾಕುವಾಗ ಕ್ಯಾಲೆಂಡರ್ ನೋಡಿ. ಇನ್ನೊಂದು, ನೆರೆ ಇಳಿದ ಮೇಲೆ ಬಾವಿ ನೀರು ಹಾಗೇ ಕುಡೀಬೇಡಿ. ಜ್ವರ ಬಂದರೆ ಇಲಿಜ್ವರ ಇರಬಹುದು, ಆಸ್ಪತ್ರೆಗೆ ಹೋಗಿ. ನಮ್ಮ ಕೇರಿಯಲ್ಲಿ ಹೋದ ಸಲ ಬರೀ ಕಷಾಯ ಕುಡ್ಕೊಂಡು ಕೂತವರೇ ಜಾಸ್ತಿ.

ದಂಡೆಮನೆ: ಗೆರೆ ನಾಳೆಯೇ ಎಳೀತೇವೆ, ಅರ್ಧ ಡಬ್ಬಿ ಪೇಂಟ್ ಉಳಿದಿದೆ. ಘಟ್ಟದ ಮೇಲಿನವರೇ, ನಂಬರ್ ಮೆಸೇಜ್ ಮಾಡಿದ್ದೇನೆ. ಗೌರಿಗೆ ಜಾರುಗಂಟು ಹಾಕ್ತೇನೆ. ಆ ರಾತ್ರಿ ಒದ್ದೆ ಹಗ್ಗ ಬಿಚ್ಚಲಾಗದೆ ಅತ್ತೆ ಕತ್ತಲಲ್ಲಿ ಕತ್ತಿ ಹುಡುಕ್ತಿದ್ದರು.