ಪಿಸಿಒಎಸ್, ದೇಹದ ತೂಕ ಮತ್ತು ರಕ್ತ ಹೆಪ್ಪುಗಟ್ಟುವ ಸೂಚಕಗಳು

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ 27 ವರ್ಷ, ಎತ್ತರ 158 ಸೆಂ.ಮೀ., ತೂಕ 74 ಕೆ.ಜಿ. ನನಗೆ ಪಿಸಿಒಎಸ್ (ಮುಟ್ಟು ಏರುಪೇರಾಗುವ, ಅಂಡಾಶಯ ಮತ್ತು ಹಾರ್ಮೋನುಗಳ ತೊಂದರೆ) ಇದೆ. ಮುಟ್ಟು ಕ್ರಮಕ್ಕೆ ಬರಲೆಂದು ಈಸ್ಟ್ರೋಜನ್ ಜೊತೆಗೆ ಡ್ರೊಸ್ಪಿರಿನೋನ್ ಇರುವ ಹಾರ್ಮೋನ್ ಮಾತ್ರೆ ಬರೆದುಕೊಟ್ಟಿದ್ದಾರೆ, ಇನ್ನೂ ಶುರು ಮಾಡಿಲ್ಲ. ಈ ನಡುವೆ ನಾನಾಗಿಯೇ ಮಾಡಿಸಿದ ಹೆಲ್ತ್ ಪ್ಯಾಕೇಜಿನಲ್ಲಿ ರಕ್ತ ಹೆಪ್ಪುಗಟ್ಟುವಿಕೆಗೆ ಸಂಬಂಧಿಸಿದ ಫೈಬ್ರಿನೋಜನ್ 430, ಡಿ-ಡೈಮರ್ 620 ಬಂದಿದ್ದು, ಎರಡನ್ನೂ ಹೆಚ್ಚು ಎಂದು ಗುರುತಿಸಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳಬೇಕೇ?

ಉತ್ತರ: ಈ ವರದಿಯೊಂದನ್ನೇ ನೋಡಿ ಆಸ್ಪಿರಿನ್ ಆಗಲಿ ಬೇರೆ ಮಾತ್ರೆಯಾಗಲಿ ಬೇಡ. ಡಿ-ಡೈಮರ್ ಎಂದರೆ ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ಪ್ರೋಟೀನ್ ತುಣುಕು; ಅದರ ಸಂಖ್ಯೆಯ ಪಕ್ಕದಲ್ಲಿ ಎಫ್‌ಇಯು ಎಂದಿದೆಯೋ ಡಿಡಿಯು ಎಂದಿದೆಯೋ ಮೊದಲು ನೋಡಿ, ಇವು ಎರಡು ಬೇರೆ ಬೇರೆ ಅಳತೆಯ ಘಟಕಗಳು. ಎಫ್‌ಇಯು ಅಳತೆಯಲ್ಲಿ 500 ಎನ್ನುವುದು ಡಿಡಿಯು ಅಳತೆಯಲ್ಲಿ ಸುಮಾರು 250 ಆಗುತ್ತದೆ. ಸೋಂಕು, ಉರಿಯೂತ, ಗರ್ಭಧಾರಣೆ, ಬೊಜ್ಜು ಇವೆಲ್ಲವೂ ಡಿ-ಡೈಮರನ್ನು ಏರಿಸುತ್ತವೆ. ಹೆಪ್ಪುಗಟ್ಟಿರುವ ಶಂಕೆಯಿದ್ದಾಗ ಅದು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಈ ಪರೀಕ್ಷೆ ನೆರವಾಗುತ್ತದೆಯೇ ಹೊರತು, ಲಕ್ಷಣವೇ ಇಲ್ಲದವರಲ್ಲಿ ಅಪಾಯ ಅಳೆಯಲು ಅಲ್ಲ. ಪ್ಯಾಕೇಜುಗಳಲ್ಲಿ ಇದನ್ನು ಏಕೆ ಸೇರಿಸುತ್ತಾರೋ, ನನಗಂತೂ ಸರಿಕಾಣುವುದಿಲ್ಲ.

ಪಿಸಿಒಎಸ್‌ನಲ್ಲಿ ಹೆಚ್ಚು ಅಧ್ಯಯನವಾಗಿರುವ ಸೂಚಕ ಪಿಎಐ-1 ಎಂಬ ಪ್ರೋಟೀನು. ದೇಹವು ಹೆಪ್ಪನ್ನು ಕರಗಿಸಲು ಬಳಸುವ ಕಿಣ್ವಗಳನ್ನು ಇದು ತಡೆಹಿಡಿಯುವುದರಿಂದ, ಇದು ಏರಿದಾಗ ಹೆಪ್ಪು ಕರಗುವುದು ನಿಧಾನವಾಗುತ್ತದೆ. ಹೊಟ್ಟೆಯ ಒಳಗಿನ ಕೊಬ್ಬು ಇದನ್ನು ಉತ್ಪತ್ತಿ ಮಾಡುತ್ತದೆ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿದ್ದರೆ ಯಕೃತ್ತೂ ಇನ್ನಷ್ಟು ಬಿಡುಗಡೆ ಮಾಡುತ್ತದೆ. ಆದ್ದರಿಂದಲೇ ಸಮಾನ ತೂಕದ ಮಹಿಳೆಯರನ್ನು ಹೋಲಿಸಿದಾಗ ಪಿಸಿಒಎಸ್ ಇರುವವರಿಗೂ ಇಲ್ಲದವರಿಗೂ ಇರುವ ಅಂತರ ಹಲವು ಅಧ್ಯಯನಗಳಲ್ಲಿ ಕಡಿಮೆಯಾಗುತ್ತದೆ. ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚಿ) ಸುಮಾರು 29.6, ಭಾರತೀಯರಿಗೆ 25 ದಾಟಿದರೇ ಬೊಜ್ಜೆಂದು ಪರಿಗಣಿಸುತ್ತೇವೆ. ಈಗಿನ ತೂಕದಲ್ಲಿ ಶೇ. 5ರಿಂದ 10ರಷ್ಟು, ಅಂದರೆ ನಾಲ್ಕರಿಂದ ಏಳು ಕೆ.ಜಿ. ಇಳಿದರೆ ಇನ್ಸುಲಿನ್ ಪ್ರತಿರೋಧದೊಂದಿಗೆ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು) ಪಿಎಐ-1 ಕೂಡ ತಗ್ಗುತ್ತದೆ, ಮುಟ್ಟೂ ಅನೇಕರಲ್ಲಿ ಸುಧಾರಿಸುತ್ತದೆ.

ನೀವು ನಿಜವಾಗಿ ಗಮನ ಕೊಡಬೇಕಾದದ್ದು ಹಾರ್ಮೋನ್ ಮಾತ್ರೆಗೆ. ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ನೀಡಿದ ಅಂದಾಜಿನಂತೆ, ಇಂಥ ಮಾತ್ರೆ ಸೇವಿಸದ, ಗರ್ಭಿಣಿಯೂ ಅಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಅಭಿಧಮನಿಯಲ್ಲಿ ಹೆಪ್ಪುಗಟ್ಟುತ್ತದೆ. ಇದೇ ಬಗೆಯ, ಆದರೆ ಲೆವೊನಾರ್ಜೆಸ್ಟ್ರೆಲ್ ಎಂಬ ಬೇರೆ ಹಾರ್ಮೋನ್ ಇರುವ ಮಾತ್ರೆಯಲ್ಲಿ ಅದು 5ರಿಂದ 7, ಡ್ರೊಸ್ಪಿರಿನೋನ್ ಮಾತ್ರೆಯಲ್ಲಿ 9ರಿಂದ 12. ಒಟ್ಟಾರೆ ಅಪಾಯ ಚಿಕ್ಕದೇ, ಆದರೆ ತೂಕವೂ ಅದಕ್ಕೆ ಸೇರಿಕೊಳ್ಳುತ್ತದೆ. ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿತ್ತೇ, ನಿಮಗೆ ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಮೈಗ್ರೇನ್ ಇದೆಯೇ, ಧೂಮಪಾನವಿದೆಯೇ ಎಂಬುದನ್ನು ಮಾತ್ರೆ ಬರೆದವರಿಗೆ ತಿಳಿಸಿ, ಲೆವೊನಾರ್ಜೆಸ್ಟ್ರೆಲ್ ಇರುವುದು ಅಥವಾ ಈಸ್ಟ್ರೋಜನ್ ಇಲ್ಲದ್ದು ಆಗುತ್ತದೆಯೇ ಎಂದು ಕೇಳಿ.

ಮರುಪ್ರಶ್ನೆ: ನನ್ನ ತಂಗಿಗೂ ಪಿಸಿಒಎಸ್ ಇದೆ, ಆದರೆ ಅವಳ ತೂಕ ಬರೀ 50 ಕೆ.ಜಿ. ಹಾಗಾದರೆ ಅವಳಿಗೆ ಈ ಚಿಂತೆ ಇಲ್ಲವೇ?

ಉತ್ತರ: ಚಿಂತೆ ಕಡಿಮೆ, ಆದರೆ ತೆಳ್ಳಗಿರುವವರಲ್ಲೂ ಇನ್ಸುಲಿನ್ ಪ್ರತಿರೋಧ ಇರಬಹುದು. ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದ್ದರೆ ತೂಕದ ಯಂತ್ರ ತೋರಿಸದ ಕೊಬ್ಬು ಒಳಗಿದೆಯೆಂದೇ ತಿಳಿಯಬೇಕು. ಅವಳೂ ಹಾರ್ಮೋನ್ ಮಾತ್ರೆ ಸೇವಿಸುತ್ತಿದ್ದರೆ, ಒಂದೇ ಕಾಲು ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ಚುಚ್ಚುವುದು ಇವುಗಳಲ್ಲಿ ಯಾವುದು ಕಂಡರೂ ವರದಿಗಾಗಿ ಕಾಯದೆ ತಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಇದು ನಿಮಗೂ ಅನ್ವಯಿಸುತ್ತದೆ.