ಹಂಚುವ ಪೆಟ್ಟಿಗೆಗೆ ಬಂದ ಹಳೆಯ ಚೀಲ

ನವಿಲುಗರಿ: ನಮ್ಮ ಬೀದಿಯ ಉಚಿತ ಪುಸ್ತಕ ಪೆಟ್ಟಿಗೆಯನ್ನು ಮೂರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಕಳೆದ ವಾರ ಯಾರೋ ಕಾದಂಬರಿಗಳ ಪಕ್ಕ ಒಂದು ಬಟ್ಟೆಚೀಲ ಇಟ್ಟುಹೋಗಿದ್ದಾರೆ. ಬಿಚ್ಚಿದರೆ ಬಡಾವಣೆಯ ಹಳೆಯ ಸಂಘದ ನಡಾವಳಿ ಪುಸ್ತಕ, ನಲವತ್ತರಷ್ಟು ಕಪ್ಪುಬಿಳುಪು ಫೋಟೊಗಳು, ದಾರ ಕಟ್ಟಿದ ಪತ್ರಗಳು. ಪೆಟ್ಟಿಗೆಯ ಕೆಳಗಿನ ಹಲಗೆಯನ್ನು ‘ಬಡಾವಣೆಯ ನೆನಪು’ ಎಂದು ಮೀಸಲಿಟ್ಟು ಎಲ್ಲವನ್ನೂ ಅಲ್ಲೇ ಇಡೋಣವೇ?

ಮಸಿಕುಡಿಕೆ: ಖಂಡಿತ ಬೇಡ. ಆ ಪೆಟ್ಟಿಗೆಯಿಂದ ಪುಸ್ತಕ ಮರಳಿ ಬಾರದಿದ್ದರೆ ಸಂತೋಷಪಡುತ್ತೇವೆ, ಯಾರೋ ಓದುತ್ತಿದ್ದಾರೆ ಎಂದು. ನಡಾವಳಿ ಪುಸ್ತಕ ಹಾಗೆ ಹೋದರೆ ಅದರ ಎರಡನೆಯ ಪ್ರತಿ ಎಲ್ಲಿದೆ? ಹಗಲು ಕಾದು ರಾತ್ರಿ ಆರುವ ಪೆಟ್ಟಿಗೆ ಅದು. ಫೋಟೊಗಳು ಸುರುಳಿಕಟ್ಟುತ್ತವೆ, ತೇವ ಹಿಡಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಕಪಾಟಿನ ಕೀಲಿ: ಹಾಗೆಂದು ನಿಮ್ಮ ಮನೆಯ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಅದೂ ಕಳೆದುಹೋದಂತೆಯೇ. ಪುಸ್ತಕಗಳಿರುವುದು ಬಳಕೆಗೆ ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಮೊದಲ ಸೂತ್ರ ಬರೆದರು. ಕಡತಕ್ಕೂ ಅದು ಸಲ್ಲುತ್ತದೆ. ಫೋಟೊದಲ್ಲಿರುವ ಮುಖಗಳ ಹೆಸರು ಹೇಳಬಲ್ಲ ಹಿರಿಯರು ಈಗ ಎಷ್ಟು ಜನ ಉಳಿದಿದ್ದಾರೆ? ಅಂದಹಾಗೆ, 2009ರಲ್ಲಿ ಅಮೆರಿಕದ ಹಡ್ಸನ್‌ನಲ್ಲಿ ಟಾಡ್ ಬೋಲ್ ಇಂಥ ಪುಟ್ಟ ಪೆಟ್ಟಿಗೆಯನ್ನು ನಿಲ್ಲಿಸಿದ್ದು ಶಿಕ್ಷಕಿಯಾಗಿದ್ದ ತಾಯಿಯ ನೆನಪಿಗೆ. ನೆನಪು ಈ ಪೆಟ್ಟಿಗೆಗೆ ಹೊರಗಿನದಲ್ಲ.

ಮಸಿಕುಡಿಕೆ: ಸರಿ, ಆದರೆ ತಾಯಿಯ ಪತ್ರಗಳನ್ನು ಅವರು ಅದರೊಳಗೆ ಇಟ್ಟರೆಂದು ನಾನು ಕೇಳಿಲ್ಲ.

ಹಿತ್ತಲ ಗಿಡ: ನಿಮ್ಮ ಪೆಟ್ಟಿಗೆಗೆ ಇತಿಹಾಸವಾದರೂ ಬರುತ್ತದೆ. ನನ್ನದಕ್ಕೆ ಬರುವುದು ಹಳೆಯ ಪರೀಕ್ಷಾ ಮಾರ್ಗದರ್ಶಿಗಳು, ಬೂಷ್ಟು ಹಿಡಿದ ವಾರಪತ್ರಿಕೆಗಳು. ಒಂದು ತಿಂಗಳು ಯಾರೂ ಮುಟ್ಟದಿದ್ದರೆ ನಾನು ಮುಲಾಜಿಲ್ಲದೆ ತೆಗೆಯುತ್ತೇನೆ.

ಬೆಳ್ಳಿಮೀನು: ಮೂಲವನ್ನು ಮನೆಯೊಳಗಿಟ್ಟು ಪ್ರತಿಯನ್ನು ಹೊರಗಿಟ್ಟರೆ ಇಬ್ಬರ ಮಾತೂ ನಡೆಯುತ್ತದೆ. ಫೋಟೊಗಳನ್ನು 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕೆಗಳಂತೆ, ಸ್ಕ್ಯಾನ್ ಮಾಡಿ ವಿವರ ಕಳೆಯದ ಟಿಫ್ ಕಡತವಾಗಿ ಉಳಿಸಿ. ಹಂಚಲು ಚಿಕ್ಕ ಗಾತ್ರದ ಜೆಪೆಗ್ ಸಾಕು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಮನೆಯಲ್ಲಿ. ತುಕ್ಕು ಹಿಡಿದ ಗುಂಡುಸೂಜಿಗಳನ್ನು ಮೆಲ್ಲಗೆ ಬಿಡಿಸಿ. ಹೆಸರು ತಿಳಿದರೆ ಫೋಟೊದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆಯಿರಿ, ಬಾಲ್‌ಪೆನ್ ಮುಟ್ಟಬೇಡಿ. ಲ್ಯಾಮಿನೇಷನ್ ಬೇಡವೇ ಬೇಡ. ನಮ್ಮ ಅಜ್ಜನ ಒಂದೇ ಒಂದು ಫೋಟೊಗೆ ಪ್ರೀತಿಯಿಂದ ಅದನ್ನು ಮಾಡಿಸಿದವನು ನಾನೇ. ಈಗ ಬಿಡಿಸಲು ಹೋದರೆ ಅಜ್ಜನೂ ಪ್ಲಾಸ್ಟಿಕ್‌ನೊಂದಿಗೆ ಕಿತ್ತುಬರುತ್ತಾನೆ.

ಕಪಾಟಿನ ಕೀಲಿ: ಇದು ಒಪ್ಪುವ ಮಾತು. ಫೋಟೊ ಪ್ರತಿಗಳನ್ನು ಪೆಟ್ಟಿಗೆಯಲ್ಲಿಟ್ಟು ‘ಇವರು ಯಾರು?’ ಎಂದು ಒಂದು ಖಾಲಿ ನೋಟ್‌ಬುಕ್ ಕಟ್ಟಿಬಿಡಿ.

ಮಸಿಕುಡಿಕೆ: ಫೋಟೊಗಳಿಗೆ ನನ್ನ ತಕರಾರಿಲ್ಲ. ಪತ್ರಗಳ ಪ್ರತಿಯನ್ನು ಮಾತ್ರ ಹೊರಗಿಡಬೇಡಿ. ಕಾಗದ ಕೈಗೆ ಬಂದ ಮಾತ್ರಕ್ಕೆ ಅದರಲ್ಲಿನ ಮಾತು ನಮ್ಮದಾಗುವುದಿಲ್ಲ. ನಡಾವಳಿಯಲ್ಲೂ ಯಾರು ಚಂದಾ ಬಾಕಿ ಇಟ್ಟಿದ್ದರು, ಯಾರ ಮೇಲೆ ದೂರು ಬಂದಿತ್ತು ಎಂಬುದೆಲ್ಲ ಇರುತ್ತದೆ. ಅವರ ಮಕ್ಕಳು ಅದೇ ಬೀದಿಯಲ್ಲಿದ್ದಾರೆ.

ನವಿಲುಗರಿ: ಪತ್ರಗಳ ಕಟ್ಟನ್ನು ಬಿಚ್ಚುವುದಿಲ್ಲ. ‘ಚೀಲ ಇಟ್ಟವರು ದಯವಿಟ್ಟು ಒಮ್ಮೆ ಮಾತನಾಡಿ’ ಎಂದು ಪೆಟ್ಟಿಗೆಯ ಬಾಗಿಲಿಗೆ ಚೀಟಿ ಅಂಟಿಸುತ್ತೇನೆ. ಫೋಟೊಗಳನ್ನು ಆಗಲೇ ಅಳತೆಯ ಪ್ರಕಾರ ಚೆಂದವಾಗಿ ಜೋಡಿಸಿಟ್ಟಿದ್ದೇನೆ.

ಬೆಳ್ಳಿಮೀನು: ಅಯ್ಯೋ! ಅವು ಬಂದ ಅನುಕ್ರಮವೇ ಒಂದು ಸುಳಿವಾಗಿತ್ತು. ಒಂದೇ ಸಮಾರಂಭದ ಫೋಟೊಗಳು ಒಟ್ಟಿಗೆ ಇದ್ದಿರಬಹುದು.

ನವಿಲುಗರಿ: ಈಗೇನು ಮಾಡಲಿ?

ಬೆಳ್ಳಿಮೀನು: ಚೀಲ ಸಿಕ್ಕಿದ ದಿನ, ಅದರಲ್ಲಿ ಏನೇನಿತ್ತು, ನೀವು ಎಂದು ಮರುಜೋಡಿಸಿದಿರಿ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಮೊದಲ ಕೆಲವಾದರೂ ನೆನಪಿದ್ದರೆ ಇವತ್ತೇ ಗುರುತು ಹಾಕಿಕೊಳ್ಳಿ.